ಹಂದಿ ಕಾಯುವ ಆಲ್ಬಮ್

ಗೆಳೆಯರೇ, ನನ್ನ ಮೊದಲ ಆಲ್ಬಮ್ ಬಂತು. ಹೂಗ್ಯಂನ ನಮ್ಮ ಜೋಳದ ಹೊಲದಲ್ಲಿ ಕಾಡುಹಂದಿ ಕಾಯುತ್ತಾ, ಅಟ್ಟಣೆ ಮೇಲೆ ಒಬ್ಬನೇ ಕೂತು ಕಟ್ಟಿದ ಹಾಡುಗಳು.

ಇವತ್ತು ಪಕ್ಕದ ಹೊಲದ ಮಾದಣ್ಣನಿಗೆ ಮೊಬೈಲಿನಲ್ಲಿ ಕೇಳಿಸಿದೆ. ಒಂದು ಹಾಡನ್ನು ಕೊನೆತನಕ ಕೇಳಿದ. "ಪೆನ್‌ಡ್ರೈವ್‌ಗೆ ಹಾಕ್ಕೊಡು ಕಣ್ಲಾ" ಎಂದ. ಸಂಭ್ರಮದಲ್ಲಿ ಎಲ್ಲ ಹಾಡನ್ನೂ ಹಾಕಿಕೊಟ್ಟೆ.

"ಯಾವಾಗ ಕೇಳ್ತೀಯಣ್ಣ?"

"ನಾನ್ಯಾಕ್ಲಾ ಕೇಳನ? ಬದಿನ್ ಮ್ಯಾಲೆ ಸ್ಪೀಕರ್ ಕಟ್ಟಿ ಬುಟ್ಬುಡ್ತೀನಿ. ಮನ್ಸನ್ ದನಿ ಕೇಳುದ್ರೆ ಅಂದಿ ಬರಾಕಿಲ್ಲ ಕಣ್ಲಾ. ನಿನ್ ಒಲಾನೂ ಕಾಯ್ತದೆ, ಓಗಿ ಮನೇಲಿ ಮನಿಕೊ."

ಜೊತೆಗಿರಲಿ ಎಂದು ಕಟ್ಟಿಕೊಂಡ ಹಾಡುಗಳು ಹೀಗೆ ನನ್ನನ್ನು ಬಿಟ್ಟು ಕಾವಲಿಗೆ ಹೋದವು. ನಾನು ಮನೆಯಲ್ಲಿ ಕೂತಿದ್ದೇನೆ. ಇಲ್ಲಿಗೆ ಹಂದಿಯೂ ಬರುವುದಿಲ್ಲ.