ನಿಂಬೆಹಣ್ಣಿನ ಮೇಲೆ ನಿಂತ ಪಿನ್‌ಬಾಲ್

ದೇವನಹಳ್ಳಿ ಬಳಿಯ ರೆಸಾರ್ಟ್‌ನಲ್ಲಿ ನಾನು ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಾಗ ಅಲ್ಲಿನ ಆಟದ ಕೋಣೆಯನ್ನು ಒಬ್ಬ ಹಿರಿಯರು ನೋಡಿಕೊಳ್ಳುತ್ತಿದ್ದರು. ಒಳಗಿದ್ದವೆಲ್ಲ ಹಳೇ ಸಿನಿಮಾಗಳ ಚಿತ್ರ ಬರೆದ, ಗಾಜಿನಡಿ ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರಗಳು. ಅವರಿಗೆ ಕೂರಲು ಕುರ್ಚಿ ಇರಲಿಲ್ಲ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾ, ಗಾಜಿನ ಮೇಲಿನ ಹೀರೋಗಳ ಮುಖ ಒರೆಸುತ್ತಾ, “ನಿಂತಿರೋದೇ ಕೆಲ್ಸ ಕಣಪ್ಪಾ, ನಂಗೂ ಇವ್ರಿಗೂ,” ಎನ್ನುತ್ತಿದ್ದರು.

ಆಯುಧಪೂಜೆಯ ದಿನ ಒಂದು ಯಂತ್ರದ ಗಾಜಿನ ಮೇಲೆ ಕುದುರೆಯೇರಿದ್ದ ಹೀರೋನ ಹಣೆಗೆ ಕುಂಕುಮವಿಟ್ಟು, ಗಾಡಿಗಳಿಗೆ ಇಡುವ ಹಾಗೆ ಆ ಯಂತ್ರದ ಮುಂದಿನ ಕಾಲುಗಳಡಿ ನಿಂಬೆಹಣ್ಣು ಇಟ್ಟರು. ಸ್ವಲ್ಪ ವಾಲಿದರೂ ಆಟ ನಿಲ್ಲಿಸಿಬಿಡುವ ಯಂತ್ರ ಅದು, ಸುಮ್ಮನಾಗಿಬಿಟ್ಟಿತು.

ಮ್ಯಾನೇಜರು ರೇಗಿದರು. “ಗೆಸ್ಟ್ ಬರೋ ಹೊತ್ತಲ್ಲಿ ಇದೇನ್ರೀ?”

“ಹಬ್ಬ ಅಲ್ವಾ ಸಾರ್, ಇದಕ್ಕಾದ್ರೂ ರಜಾ ಇರ್ಲಿ ಬಿಡಿ.”

ಹಿರಿಯರು ನಿಂಬೆಹಣ್ಣು ತೆಗೆಯಲಿಲ್ಲ. ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಪಕ್ಕದ ಯಂತ್ರದ ಮುಂದೆ ಹೋಗಿ ನಿಂತರು.