ಶುಭಂ ಕೆಳಗಿನ ಹೆಸರುಗಳು

ಕಂಪ್ಯೂಟರಿನಲ್ಲಿ ಹೆಸರು, ವಿಳಾಸ, ಭಾವಚಿತ್ರ ಮೂರನ್ನೂ ಒಂದೇ ಗುಂಡಿ ಒತ್ತಿ ಕಳುಹಿಸಿ, ಏನೂ ಆಗದವರಂತೆ ಚಹಾ ಹೀರುವವರನ್ನು ಕಂಡರೆ ನನಗೆ ಸಣ್ಣದೊಂದು ಅಸೂಯೆ ಹುಟ್ಟುತ್ತದೆ. ಆ ಗುಂಡಿಯ ಹಿಂದಿನ ಕಷ್ಟ ಇವರಿಗೇನು ಗೊತ್ತು? ಎಂಟನೆಯ ತರಗತಿಗೇ ಶಾಲೆಗೆ ನಮಸ್ಕಾರ ಹಾಕಿದ ನನಗೆ ಗೊತ್ತು! ಈ ಗರ್ವವನ್ನು ಸಹೃದಯರು ಸಹಿಸಬೇಕು. ಅದಕ್ಕೆ ತಕ್ಕ ಶಾಸ್ತಿಯೂ ಆಗಿದೆ.

ಆಗ ಕಾಪುವಿನ ಪೇಟೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಮದುವೆ ಕಾಗದದ ಒಕ್ಕಣೆ ಪಡೆದು, ಮಣಿಪಾಲದ ಮುದ್ರಣಾಲಯಕ್ಕೆ ಬಸ್ಸಿನಲ್ಲಿ ಒಯ್ದು ಅಚ್ಚು ಹಾಕಿಸುವುದು ನನ್ನ ಕಸುಬು. ಬಸ್ಸಿನಲ್ಲಿ ಅಲೆದು ಬೇಸತ್ತ ನನಗೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಹುಚ್ಚು ಹಿಡಿಸಿದವನು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮೂರ ರಮೇಶ. ದೇವರ ಚಿತ್ರ ಒಂದು ಭಾಗ, ಒಕ್ಕಣೆ ಇನ್ನೊಂದು ಭಾಗ. ಎರಡನ್ನೂ ಒಂದೇ ಕಟ್ಟಾಗಿ ಅಂತರಜಾಲದಲ್ಲಿ ಕಳುಹಿಸಬೇಕಾದರೆ ಭಾಗಗಳ ನಡುವೆಯೂ ಕೊನೆಯಲ್ಲೂ, ಇಲ್ಲಿಗೆ ಈ ಭಾಗ ಮುಗಿಯಿತೆಂದು ತಿಳಿಸುವ ಒಂದು ಗಡಿಸಾಲು ಬೇಕು. ಹೀಗೆ ಕಟ್ಟಿಕೊಡುವ ಲೈಬ್ರರಿಯೊಂದನ್ನು, ಎಂದರೆ ಕಂಪ್ಯೂಟರಿಗೆ ಕೊಡುವ ಸಿದ್ಧ ಆದೇಶಗಳ ಗಂಟನ್ನು, ತಪ್ಪಿ ತಿದ್ದಿ, ತಿದ್ದಿ ತಪ್ಪಿ, ಮೂರು ತಿಂಗಳಲ್ಲಿ ಬರೆದು ಮುಗಿಸಿದೆ.

“ಅಣ್ಣಾ, ಗಡಿಗೆ ಯಾರೂ ಬರೆಯದಂಥ ಅಡ್ಡಾದಿಡ್ಡಿ ಅಕ್ಷರ ಹಾಕಿ. ಒಕ್ಕಣೆಯ ಒಳಗೆ ಅದೇ ಸಾಲು ಬಂದರೆ ಅಲ್ಲಿಗೇ ಕತ್ತರಿ ಬೀಳ್ತದೆ,” ಎಂದಿದ್ದ ರಮೇಶ.

“ಅಡ್ಡಾದಿಡ್ಡಿ ಎಂತಕ್ಕೆ ಮಾರಾಯ? ಮಂಗಳಕಾರ್ಯದ ಕಾಗದ ಅಲ್ವಾ!” ಎಂದ ನಾನು, ಎರಡೂ ಬದಿಗೆ ಗೆರೆ ಎಳೆದು, ನಡುವೆ ‘ಶುಭಂ’ ಎಂದು ಬರೆದೆ.

ಮೊದಲ ಕಾಗದ ಶೀನಣ್ಣನ ಮನೆಯದು. ತೀರಿಹೋದ ತಮ್ಮನ ಮಗಳನ್ನು ಸಾಕಿ ಬೆಳೆಸಿದ ಅವರು, ಅವಳ ಮದುವೆಗೆ ಕರೆಯುವವರಲ್ಲಿ ಮೊದಲಿಗರು. ಕಂಪ್ಯೂಟರಿನಲ್ಲಿ ನೇರ ಹೋದದ್ದಕ್ಕೆ ಕರಡು ನೋಡುವ ಅಗತ್ಯವೇ ಇಲ್ಲವೆಂದು ಮುದ್ರಣಾಲಯಕ್ಕೆ ಹೇಳಿದವನೂ ನಾನೇ. ಹಂಚಲು ಹೊರಡುವ ಹಿಂದಿನ ದಿನ ಕಟ್ಟು ಬಂತು. ಬಿಚ್ಚಿದೆ. ಗಣಪತಿ ಇದ್ದಾನೆ, ವಧೂವರರಿದ್ದಾರೆ, ಮುಹೂರ್ತವಿದೆ. ನಮ್ಮ ಕಡೆಯ ಪದ್ಧತಿಯಂತೆ ಒಕ್ಕಣೆಯಲ್ಲಿ ಗೆರೆಗಳ ನಡುವೆ ‘ಶುಭಂ’ ಎಂದು ಬರೆದು, ಅದರ ಕೆಳಗೆ ಕೊಟ್ಟಿದ್ದ ಹೆಸರುಗಳು ಮಾತ್ರ ಒಂದೂ ಇಲ್ಲ. ಕರೆಯುವವರೇ ಇಲ್ಲದ ಕರೆಯೋಲೆ!

“ಸರ್ವರ್ ಪ್ರಾಬ್ಲೆಮ್ ಅಂತ ಹೇಳಿ. ಯಾರಿಗೆ ಗೊತ್ತಾಗ್ತದೆ?” ಎಂದು ಮುದ್ರಣಾಲಯದವರು ಫೋನಿನಲ್ಲಿ ಸಮಾಧಾನ ಹೇಳಿದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಓದದವನೆಂದು ನಗುವವರೆದುರು ಕಟ್ಟಿಕೊಂಡಿದ್ದ ನನ್ನ ಹೆಸರೂ ಉಳಿಯುತ್ತಿತ್ತು.

ಕಟ್ಟು ಹೊತ್ತು ಅವರ ಮನೆಗೆ ಹೋದೆ. ಶೀನಣ್ಣ ಜಗಲಿಯಲ್ಲಿ ಕುಳಿತು, ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ನನ್ನ ಹೆಸರು ಎಲ್ಲಿ ಉಂಟು? ನಿಮ್ಮ ಕಂಪ್ಯೂಟರ್ ತಿಂದಿತಾ?”

ತಪ್ಪಿಸಿಕೊಳ್ಳಲು ಅವರೇ ಬಾಗಿಲು ತೆರೆದುಕೊಟ್ಟಿದ್ದರು. ನನ್ನ ನಾಲಗೆ ಹೊಸ್ತಿಲವರೆಗೆ ಹೋಗಿ ಹಿಂದೆ ಬಂತು.

“ಇಲ್ಲ ಶೀನಣ್ಣ. ಶುಭಂ ಕಂಡಲ್ಲಿ ನಿಲ್ಲು ಅಂತ ಅದಕ್ಕೆ ಹೇಳಿದವ ನಾನೇ. ಓದಿದ ಹುಡುಗ ಬೇಡ ಅಂದಿದ್ದ, ನಾನು ಕೇಳಲಿಲ್ಲ.”

ಅವರು ಒಳಗಿನಿಂದ ಪೆನ್ನು ತರಿಸಿ, ಮೊದಲ ಕಾಗದದ ಬರಿದಾದ ಜಾಗದಲ್ಲಿ ತಮ್ಮ ಹೆಸರನ್ನು ನಿಧಾನವಾಗಿ, ಒತ್ತಿ ಬರೆದರು. ಉಳಿದವಕ್ಕೂ ಬರೆಯಲು ಕಟ್ಟನ್ನು ಎಳೆದುಕೊಳ್ಳುವ ಮುನ್ನ, ಆ ಕಾಗದವನ್ನು ಲಕೋಟೆಗೆ ಹಾಕಿ, ಮೇಲೆ ಮತ್ತೊಂದು ಹೆಸರು ಬರೆದು ನನ್ನ ಕೈಗಿತ್ತರು. ನನ್ನದೇ ಹೆಸರು.

“ಮದುವೆಗೆ ಬರಬೇಕು,” ಎಂದರು, “ಬೈಯುವುದು ಬಾಕಿ ಉಂಟು.”