ಉಚ್ಚೆಂಗೆಮ್ಮನ ಬೆಟ್ಟದಾವರೆ

"ಅಮ್ಮಾ, ಉಚ್ಚೆಂಗಜ್ಜಿ ಗಿಡದತ್ರ ಭಿಕ್ಷೆ ಬೇಡ್ತಾಳೇನು?"

ಕಿಟಕಿಯ ಸರಳು ಹಿಡಿದು ನಿಂತಿದ್ದ ಆರು ವರ್ಷದ ಅಂಕಿತಾ ಕೇಳಿದಳು. ಅವತ್ತು ಶಿವರಾತ್ರಿ. ನೇತ್ರಾವತಿ ಬೆಳಗಿನ ಪೂಜೆ ಮುಗಿಸಿ ತಂಬಿಟ್ಟಿನ ಉಂಡೆ ಕಟ್ಟುತ್ತಿದ್ದಳು.

"ದೊಡ್ಡೋರಿಗೆ ಹಂಗೆಲ್ಲ ಅನ್ನಬಾರದು."

"ಮತ್ತೆ ಸೆರಗು ಒಡ್ಡಿಕಂಡು ಕುಂತಾಳಲ್ಲ. ಗಿಡ ಏನೂ ಹಾಕ್ತಾನೇ ಇಲ್ಲ."

ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ ನೇತ್ರಾವತಿಯೂ ಬಂದು ಇಣುಕಿದಳು. ಪಕ್ಕದ ಮನೆಯ ಅಂಗಳದಲ್ಲಿ ಸೊಂಟದೆತ್ತರದ ಕಲ್ಲುಗುಡ್ಡೆ. ಅದರ ನೆತ್ತಿಯ ಮೇಲೆ ಒಂದೆಲೆಯೂ ಇಲ್ಲದ ಬೋಳು ಗಿಡ. ಉಚ್ಚೆಂಗೆಮ್ಮ ಅದರ ಕೆಳಗೆ ಮಣೆ ಹಾಕಿಕೊಂಡು ಕೂತು, ಎರಡೂ ಕೈಯಲ್ಲಿ ಸೆರಗು ಹರಡಿ ಹಿಡಿದು, ಕತ್ತೆತ್ತಿ ಕೊಂಬೆಗಳನ್ನೇ ನೋಡುತ್ತಿದ್ದರು.

ನೇತ್ರಾವತಿ ತಿರುಗಿ ತನ್ನ ದೇವರ ಜಗಲಿ ನೋಡಿದಳು. ಶಿವನ ಫೋಟೋದ ಮುಂದೆ ಅಂಗೈಯಗಲದ ನಾಲ್ಕು ಹಳದಿ ಹೂವು ಹೊಳೆಯುತ್ತಿದ್ದವು.

ಹಬ್ಬದ ದಿನ ನಸುಕಿನಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಓಣಿ ಸುತ್ತುವುದು, ಕಾಂಪೌಂಡಿನಾಚೆ ಬಾಗಿದ ಹೂವನ್ನು ಕಿತ್ತುಕೊಳ್ಳುವುದು ದಾವಣಗೆರೆಯಲ್ಲಿ ಯಾರೂ ಕಳ್ಳತನ ಅನ್ನುವುದಿಲ್ಲ. ದೇವರಿಗೆ ತಾನೆ! ಅವಳ ತಾಯಿ ಕಿತ್ತಿದ್ದಳು, ಅತ್ತೆ ಕಿತ್ತಿದ್ದಳು. ಆವರಗೆರೆ ಕಡೆಯ ಈ ಹೊಸ ಬಡಾವಣೆಗೆ ಬಾಡಿಗೆಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಪಕ್ಕದ ಬೋಳು ಗಿಡದಲ್ಲಿ ರಾತ್ರಿ ಬೆಳಗಾಗುವುದರಲ್ಲಿ ಅರಳಿದ ಹೂವು ಕಂಡಾಗ, ಶಿವನೇ ತನಗೆಂದು ಇಟ್ಟನೇನೋ ಅನ್ನಿಸಿತ್ತು. ಗೋಡೆಯ ಮೇಲಿಂದ ಬಾಗಿ, ಕೈಗೆಟಕಿದ ನಾಲ್ಕನ್ನೂ ತೊಟ್ಟು ಸಮೇತ ಚಿವುಟಿದ್ದಳು.

ನಾಲ್ಕು ಉಂಡೆ ತಟ್ಟೆಯಲ್ಲಿಟ್ಟುಕೊಂಡು, ಮಗಳ ಕೈ ಹಿಡಿದು ಹೊರಟಳು. ಮುಚ್ಚಿಟ್ಟುಕೊಂಡು ಬದುಕುವುದು ಅವಳಿಗೆ ಒಗ್ಗದ ಮಾತು. ಗೋಡೆ ಒಂದೇ, ದಿನಾ ಮುಖ ನೋಡಬೇಕು.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಕೆಂಚವೀರಪ್ಪ, ಉಚ್ಚೆಂಗೆಮ್ಮನ ಯಜಮಾನರು, ಕನ್ನಡಕದ ಮೇಲಿಂದ ನೋಡಿದರು. "ಬಾರವ್ವ. ತಂಬಿಟ್ಟಾ? ನಮ್ಮನ್ಯಾಗ ಇವತ್ತು ಒಲಿ ಹಚ್ಚಿಲ್ಲ. ಯಜಮಾನ್ತಿ ಬೆಳಿಗ್ಗಿಂದ ಗಿಡದ ಬುಡದಾಗ ಧರಣಿ ಕುಂತಾಳೆ. ಯಾರೋ ಹೂವ ಹೊಡ್ಕಂಡು ಹೋಗ್ಯಾರಂತೆ."

"ಯಾರೋ ಅಲ್ರೀ ಅಜ್ಜಾರ, ನಾನೇ." ನೇತ್ರಾವತಿ ತಟ್ಟೆ ಜಗಲಿಯ ಮೇಲಿಟ್ಟಳು. "ಪೂಜಿಗೆ ಅಂತ ಕಿತ್ಕಂಡೆ. ಗೊತ್ತಾಗಲಿಲ್ಲ. ತಪ್ಪಾತು."

ಕೆಂಚವೀರಪ್ಪ ಪೇಪರು ಮಡಿಸಿದರು. ಗುಡ್ಡೆಯ ಬಳಿಯಿಂದ ಉಚ್ಚೆಂಗೆಮ್ಮ ಸೆರಗು ಮಡಿಲಿಗೆ ಬಿಟ್ಟು ಕೇಳಿದರು, "ತೊಟ್ಟು ಸೇರಿಸಿ ಕಿತ್ತೆಯೇನು ತಂಗಿ?"

"ಹೂಂ ರೀ. ವಾಪಸ್ ತಂದುಕೊಡ್ಲಾ?"

"ಶಿವಗೆ ಏರಿಸಿದ್ದನ್ನ ಇಳಿಸಬ್ಯಾಡ. ಇಳಿಸಿದ್ರೆ ಗಿಡಕ್ಕೇನು ಅಂಟಿಕಳ್ತಾವಾ?" ಬೈಗುಳ ಬಂದಿದ್ದರೆ ನೇತ್ರಾವತಿಗೆ ಹಗುರಾಗುತ್ತಿತ್ತು. ಅವರು ಅವಳ ಮಣಿಕಟ್ಟು ಹಿಡಿದು ಗುಡ್ಡೆಯ ಹತ್ತಿರ ಎಳೆದುಕೊಂಡರು. "ಅಲ್ಲಿ, ಮ್ಯಾಲೆ, ನೋಡು. ತುದಿಯಾಗ."

ಕೈಗೆಟುಕದ ಎತ್ತರದ ಒಂದು ಕಡ್ಡಿಯ ತುದಿಯಲ್ಲಿ ಮೊಗ್ಗೊಂದು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿತ್ತು.

"ಎಂಟು ವರ್ಷಕ್ಕೆ ಮೊದಲ್ನೇ ಸಲ ಮೊಗ್ಗು ಹಿಡಿದಿದ್ದು. ಐದಿದ್ವು. ಇನ್ನ ಅದೊಂದೇ. ನನಗೆ ಬೇಕಾಗಿದ್ದು ಹೂವಲ್ಲ ಕಣವ್ವ, ಕಾಯಿ."

ಯಾಕೆಂದು ನೇತ್ರಾವತಿಗೆ ತಿಳಿದದ್ದು ಆ ಜಗಲಿಯ ಮೇಲೆ ಕೂತು, ತಾನು ತಂದ ತಂಬಿಟ್ಟನ್ನು ತಾನೇ ತಿನ್ನುತ್ತ. ಹೇಳಿದ್ದರಲ್ಲಿ ಅರ್ಧ ಉಚ್ಚೆಂಗೆಮ್ಮ, ಅರ್ಧ ಕೆಂಚವೀರಪ್ಪ.

ಹರಪನಹಳ್ಳಿಯಾಚೆ ನವಿಲುಗುಡ್ಡ ಎಂಬ ಗುಡ್ಡಸಾಲು. ಅದರ ಮೇಲಿನ ಹನ್ನೆರಡು ಮನೆಯ ಹಟ್ಟಿಯಲ್ಲಿ ಉಚ್ಚೆಂಗೆಮ್ಮ ಹುಟ್ಟಿದ್ದು. ಬಂಡೆ, ಗರಸು ಮಣ್ಣು, ಮೊಣಕಾಲೆತ್ತರದ ಹುಲ್ಲು. ಮುಂಜಾನೆ ಬಾಗಿಲು ತೆರೆದರೆ ಕಾಲ ಕೆಳಗೆ ಮೋಡ. ಹಟ್ಟಿಗೆ ಗುಡಿ ಇಲ್ಲ, ಪೂಜಾರಿ ಇಲ್ಲ. ಒಂದು ಬೆಟ್ಟದಾವರೆ ಮರ, ಅದರಡಿಗೊಂದು ಉರುಟುಕಲ್ಲು, ಅದೇ ಶಿವ. ಮಾಘದ ಬಿಸಿಲಿಗೆ ಎಲೆಯೆಲ್ಲ ಉದುರಿಸಿ ಮರ ಮೈತುಂಬ ಹಳದಿ ಹೂ ಬಿಡುತ್ತದೆ. ಅದನ್ನು ಯಾರೂ ಕೀಳುವಂತಿಲ್ಲ. ಹೂವು ತಾನಾಗಿ ಕಲ್ಲಿನ ಮೇಲೆ ಬಿದ್ದರೆ ಅದೇ ಅಭಿಷೇಕ, ಹೆಂಗಸಿನ ಸೆರಗಿಗೆ ಬಿದ್ದರೆ ಅದೇ ಪ್ರಸಾದ. ಬಿದ್ದ ಹೂವು ತೊಟ್ಟಿನಲ್ಲಿ ಕಾಯಿ ಬಿಟ್ಟು ಬರುತ್ತದೆ, ಕಿತ್ತ ಹೂವು ಕಾಯಿಯನ್ನೂ ಹೊತ್ತುಕೊಂಡು ಬರುತ್ತದೆ. ಹಟ್ಟಿಯ ಹಿರಿಯರಿಗೆ ಇದು ಗೊತ್ತಿದ್ದೇ ಕಟ್ಟಳೆ ಮಾಡಿದ್ದರು.

ಹದಿನೆಂಟಕ್ಕೆ ಮದುವೆಯಾಗಿ ಹರಿಹರಕ್ಕೆ ಇಳಿದರು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಹೊಳೆ ಮನೆ ಹತ್ತಿರವೇ ಹರಿಯುತ್ತಿತ್ತು. ಆದರೂ ಮೊದಲ ವರ್ಷವೆಲ್ಲ ಅತ್ತದ್ದೇ ಅತ್ತದ್ದು.

"ಯಾಕ ಅಳ್ತೀಯ, ನೀರೈತೆ, ನೆಳ್ಳೈತೆ ಅಂದ್ರೆ ಏನಂದ್ಲು ಗೊತ್ತೇನು?" ಎಂದರು ಕೆಂಚವೀರಪ್ಪ. "ನೀರು ಕಾಲತ್ರ ಐತೆ ಖರೆ, ತಲಿ ಎತ್ತಿ ನೋಡಾಕೆ ಏನೈತೆ ಇಲ್ಲಿ ಅಂದ್ಲು. ನಾನು ಎದುರಿಗೇ ನಿಂತಿದ್ದೆ!"

"ನಿಮ್ಮನ್ನ ನೋಡಾಕೆ ತಲಿ ಎತ್ತೋದು ಬ್ಯಾಕಾಗಿರಲಿಲ್ಲ ಬಿಡ್ರಿ," ಅಂದರು ಗಿಡ್ಡ ಗಂಡನನ್ನು ನೋಡಿ ಉಚ್ಚೆಂಗೆಮ್ಮ. ಅಂಕಿತಾ ಕಿಸಕ್ಕನೆ ನಕ್ಕಳು.

ಮುಂದೆ ಉಚ್ಚೆಂಗೆಮ್ಮ ಒಂದು ಕಾರ್ಖಾನೆಯ ಕ್ವಾರ್ಟರ್ಸಿನ ತೋಟಕ್ಕೆ ದಿನಗೂಲಿಗೆ ಸೇರಿದರು. ಅಲ್ಲಿಯೇ ಇಪ್ಪತ್ತೆರಡು ವರ್ಷ. ಅವರ ಕೈ ಬಿದ್ದ ಕಡ್ಡಿಯೂ ಚಿಗುರುತ್ತದೆ ಎಂದು ಹೆಸರಾಗಿತ್ತು. ಒಮ್ಮೆ ಹೊಸದಾಗಿ ಬಂದ ಸಾಹೇಬರು ಗೇಟಿನ ಪೊದೆಯನ್ನು ಆನೆಯ ಆಕಾರಕ್ಕೆ ಕತ್ತರಿಸು ಅಂದರಂತೆ. "ಸಾಹೇಬ್ರ, ಆನಿ ಬೇಕಾದ್ರೆ ಆನೀನೇ ತರಿಸ್ರಿ. ಗಿಡ ಗಿಡವಾಗಿರಾಕೆ ಎಷ್ಟು ಕಷ್ಟಪಟ್ಟೈತೆ, ಅದನ್ಯಾಕ ಆನಿ ಮಾಡ್ತೀರಿ," ಎಂದು ಕತ್ತರಿ ಅವರ ಕೈಗೇ ಕೊಟ್ಟರು. ಕೆಲಸ ಹೋಗುತ್ತದೆ ಎಂದು ಜೊತೆಯವರೆಲ್ಲ ನಡುಗಿದರು. ಹೋಗಲಿಲ್ಲ, ಪೊದೆಯೂ ಆನೆಯಾಗಲಿಲ್ಲ. ಈ ಮಾತು ಹೇಳುವಾಗ ಕೆಂಚವೀರಪ್ಪನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತ್ತು.

ಆವರಗೆರೆಯಲ್ಲಿ ಸ್ವಂತ ಮನೆ ಕಟ್ಟಿದ ಮೇಲೆ ಹಟ್ಟಿಯ ಬೆಟ್ಟದಾವರೆಯ ಬೀಜ ತಂದು ಹಾಕಿದರು. ಇಲ್ಲಿಯದು ಎರೆಮಣ್ಣು. ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸಿತು. ಎರಡು ಸಲ ಸಸಿ ಸತ್ತಿತು. ಗುಡ್ಡದ ಗಿಡಕ್ಕೆ ಗುಡ್ಡವೇ ಬೇಕು ಅಂದುಕೊಂಡ ಉಚ್ಚೆಂಗೆಮ್ಮ ತವರಿಗೆ ಹೋದಾಗಲೆಲ್ಲ ಒಂದು ಚೀಲ ಗರಸು, ಎರಡು ಕಲ್ಲು ಹೊತ್ತು ತಂದರು. ಬಸ್ಸಿನ ಕಂಡಕ್ಟರನಿಗೂ ರೂಢಿಯಾಗಿ ಹೋಯಿತು. "ಏನಮ್ಮ, ಗುಡ್ಡಾನೇ ಕಿತ್ಕಂಡು ಹೊಂಟೀಯಲ್ಲ, ಅದಕ್ಕೂ ಟಿಕೆಟ್ ತಗಿಬೇಕಾಗ್ತೈತೆ." "ಅರ್ಧ ಟಿಕೆಟ್ ಕೊಡಪ್ಪ. ನಮ್ಮ ಗುಡ್ಡ ಇನ್ನೂ ಸಣ್ಣದು!"

ಹಾಗೆ ಕಲ್ಲಿಗೆ ಕಲ್ಲು ಸೇರಿ ಅಂಗಳದಲ್ಲಿ ಗುಡ್ಡ ಎದ್ದಿತು, ಮೂರನೆಯ ಸಸಿ ಹಿಡಿಯಿತು. ದಿನಾ ಬೆಳಿಗ್ಗೆ ಅರ್ಧ ಗಂಟೆ ಅದರ ಪಕ್ಕ ಸುಮ್ಮನೆ ಕೂರುತ್ತಿದ್ದರು. ಮಂತ್ರವಿಲ್ಲ, ಊದುಬತ್ತಿಯಿಲ್ಲ. ಅವರ ಮನೆಯಲ್ಲಿ ದೇವರ ಕೋಣೆಯೇ ಇರಲಿಲ್ಲ.

ಹೋದ ಬೇಸಿಗೆಯ ಬಿರುಗಾಳಿಗೆ ಹಟ್ಟಿಯ ಮೂಲ ಮರ ಬುಡಸಮೇತ ಉರುಳಿತು. ತಮ್ಮ ಫೋನ್ ಮಾಡಿ ಅತ್ತ. ಅದರ ಕೊಂಬೆ ಕಡಿದು ನೆಟ್ಟರು, ಒಣಗಿದವು. ಆ ಗುಡ್ಡಸಾಲಿನಲ್ಲಿ ಇದ್ದದ್ದು ಅದೊಂದೇ ಬೆಟ್ಟದಾವರೆ. ಕಲ್ಲು ಬಿಸಿಲಿಗೆ ಬಿದ್ದಿದೆ, ಮೇಲೆ ಹೂವಿಲ್ಲ. "ಅಳಬ್ಯಾಡ, ಅದರ ಮಗಳು ನನ್ನತ್ರ ಐತೆ. ಅದು ಹೂ ಬಿಟ್ಟ ವರ್ಷದ ಮುಂಗಾರಿಗೆ ಬೀಜ ತರ್ತೀನಿ," ಎಂದು ಉಚ್ಚೆಂಗೆಮ್ಮ ಮಾತು ಕೊಟ್ಟಿದ್ದರು.

ಕೊಟ್ಟ ಮಾತು ಈಗ ಒಂದು ಮೊಗ್ಗಿನ ಮೇಲೆ ನಿಂತಿತ್ತು.

ಅವತ್ತಿನಿಂದ ನೇತ್ರಾವತಿ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗಿಂತ ಮೊದಲು ಮೊಗ್ಗು ನೋಡತೊಡಗಿದಳು. ಹರಿಹರಕ್ಕೆ ಕೆಲಸಕ್ಕೆ ಹೋಗುವ ಗಂಡ ಪರಶುರಾಮ್ "ನನ್ನ ಡಬ್ಬಿಗಿಂತ ಆ ಮೊಗ್ಗೇ ಹೆಚ್ಚಾತಲ್ಲ," ಅಂದರೆ, "ಡಬ್ಬಿ ದಿನಾ ಐತೆ," ಅನ್ನುತ್ತಿದ್ದಳು. ಮೂರನೆಯ ದಿನ, ಪಾಪಪ್ರಜ್ಞೆ ತಡೆಯಲಾರದೆ, ಒಂದು ಕೊಡ ನೀರು ಹೊತ್ತುಕೊಂಡು ಹೋದಳು. ಉಚ್ಚೆಂಗೆಮ್ಮ ಕೊಡಕ್ಕೆ ಅಡ್ಡ ಕೈಯಿಟ್ಟರು.

"ಇದು ಗುಡ್ಡದಾಕಿ ತಂಗಿ. ಬ್ಯಾಸಿಗ್ಯಾಗ ನೀರು ಕೊಟ್ರೆ ಅವಮಾನ ಮಾಡಿದಂಗೆ. ಆ ನೀರು ದಾಸವಾಳಕ್ಕೆ ಹಾಕು, ಅದು ದಾವಣಗೆರೆಯದು, ಎಷ್ಟು ಹಾಕಿದ್ರೂ ಕುಡೀತೈತೆ."

ನಾಲ್ಕನೆಯ ದಿನ ಮೊಗ್ಗು ಬಿರಿಯಿತು. ಇಡೀ ಓಣಿಯ ಬಿಸಿಲು ಅದರೊಳಗೇ ಸೇರಿಕೊಂಡಂತಿತ್ತು. ಎದುರುಮನೆಯ ಕಸ್ತೂರಮ್ಮ ಕವರ್, ಕೊಕ್ಕೆಗೋಲು ಹಿಡಿದು ಗೋಡೆಯ ಹತ್ತಿರ ಬಂದದ್ದೇ, ನೇತ್ರಾವತಿ ಸೌಟು ಹಿಡಿದು ಹೊರಗೆ ಓಡಿದಳು.

"ಕಸ್ತೂರಕ್ಕ, ಅದೊಂದು ಬ್ಯಾಡ್ರಿ!"

"ಅಯ್ಯ, ಸೋಮವಾರ ಕಣೇ, ಪೂಜಿಗೆ."

"ನಾನೂ ಪೂಜಿಗೇ ಕಿತ್ತೆ ಅಕ್ಕ, ಇನ್ನೂ ಅನುಭವಿಸ್ತಾ ಇದೀನಿ. ಬರ್ರಿ ಈ ಕಡಿ, ನಮ್ಮ ಕನಕಾಂಬ್ರ ಕೊಡ್ತೀನಿ."

ಹೊತ್ತೇರಿದ ಮೇಲೆ ಕರೀ ದುಂಬಿಯೊಂದು ಬಂತು. ಹೂವಿಗೆ ನೇತುಬಿದ್ದು ಗುಂಯ್ ಎಂದು ಅದುರಿಸಿ, ಮೈತುಂಬ ಹಳದಿ ಪುಡಿ ಬಳಿದುಕೊಂಡು ಹೋಯಿತು. ಉಚ್ಚೆಂಗೆಮ್ಮ ಕಣ್ಣು ಮುಚ್ಚಿ ಅದರ ಸದ್ದು ಕೇಳಿದರು, ಗುಡಿಯ ಗಂಟೆ ಕೇಳಿದ ಹಾಗೆ. ಮರುದಿನ ಹೂವು ತಾನಾಗಿ ಕಳಚಿ, ಹಗೂರಕ್ಕೆ ತಿರುಗುತ್ತ ಅವರ ಸೆರಗಿಗೆ ಬಿತ್ತು. ಅದನ್ನವರು ಅಂಕಿತಾಳ ಅಂಗೈಯಲ್ಲಿಟ್ಟರು. "ನೋಡವ್ವ, ಬೇಡಿದ್ದಕ್ಕೆ ಹಾಕ್ತು." ಮಗಳ ಅವತ್ತಿನ ಭಿಕ್ಷೆಯ ಮಾತು ಅವರ ಕಿವಿಗೂ ಬಿದ್ದಿತ್ತು ಎಂದು ನೇತ್ರಾವತಿಗೆ ಆಗಲೇ ಗೊತ್ತಾದದ್ದು, ನಾಚಿಕೆಯಾಯಿತು.

ತೊಟ್ಟಿನ ತುದಿಯಲ್ಲಿ ಕಡಲೆಯಷ್ಟು ಹಸಿರು ಉಳಿದಿತ್ತು.

ಆಮೇಲೆ ಎರಡೂವರೆ ತಿಂಗಳು. ಯುಗಾದಿ ಬಂತು, ಹೋಯಿತು. ದಾವಣಗೆರೆಯ ಬಿಸಿಲು ಡಾಂಬರು ಕರಗಿಸಿತು. ಕಡಲೆಯಷ್ಟಿದ್ದದ್ದು ನಿಂಬೆಯಷ್ಟಾಯಿತು, ಕಂದುಬಣ್ಣಕ್ಕೆ ತಿರುಗಿತು. ಒಂದು ಸಂಜೆ ಆಲಿಕಲ್ಲು ಬಿದ್ದಾಗ ಉಚ್ಚೆಂಗೆಮ್ಮ ಸ್ಟೂಲು ಹತ್ತಿ, ಕಾಯಿಯ ಮೇಲೆ ಕೆಂಚವೀರಪ್ಪನ ಕೊಡೆ ಹಿಡಿದು ನಿಂತರು. ಕೆಂಚವೀರಪ್ಪ ಸ್ಟೂಲು ಹಿಡಿದು ತೋಯಿಸಿಕೊಂಡರು. "ಮದುವ್ಯಾಗಿ ಐವತ್ತು ವರ್ಷ, ನನಗೊಂದಿನ ಹಿಂಗೆ ಕೊಡಿ ಹಿಡಿದಿಲ್ಲ," ಎಂದು ಮಳೆಯಲ್ಲೇ ಕೂಗಿ ಓಣಿಗೆಲ್ಲ ಹೇಳಿದರು.

ಮೇ ಕೊನೆಯಲ್ಲಿ ಕಾಯಿ ಐದು ಹೋಳಾಗಿ ಸಿಡಿಯಿತು. ಒಳಗೆ ರೇಷ್ಮೆಯಂಥ ಅರಳೆ, ಅರಳೆಯಲ್ಲಿ ಹುದುಗಿದ ಕಂದು ಬೀಜಗಳು. ಉಚ್ಚೆಂಗೆಮ್ಮ ಗಾಳಿಗೆ ಒಂದೂ ಹಾರದಂತೆ ಮಡಿಲಲ್ಲಿ ಬಿಡಿಸಿದರು. ಅಂಕಿತಾ ಎಣಿಸಿದಳು, ನಲವತ್ತಮೂರು. ಸಿಪ್ಪೆ ಕಲ್ಲಿನಂತೆ ಗಟ್ಟಿ. ಒಂದೊಂದನ್ನೂ ಗುಡ್ಡದ ಕಲ್ಲಿಗೆ ತುಸು ಉಜ್ಜಿ, ನೆನೆಸಿ ಹಾಕಿದರೆ ಮಾತ್ರ ಮೊಳಕೆ ಎಂದು ನೇತ್ರಾವತಿಗೆ ತೋರಿಸಿಕೊಟ್ಟರು.

ಮೊದಲ ಮಳೆ ಬಿದ್ದ ಮರುದಿನ ಚೀಲ ಕಟ್ಟಿದರು. ಮೊಣಕಾಲಿನ ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆಂದು ಕೆಂಚವೀರಪ್ಪ ನೆನಪಿಸಿದರು. "ನಿನ್ನ ತಮ್ಮ ಬಂದು ಒಯ್ಯಲಿ ಬೀಜನ. ನೀ ಗುಡ್ಡ ಹತ್ತೀಯಾ?"

"ಮೆಟ್ಲು ಮಂದಿ ಕಟ್ಟಿದ್ದು, ಹತ್ತಾಕೆ ಕಷ್ಟ. ಗುಡ್ಡದಾಗ ನಾನು ನಡೆಯಾಕೆ ಕಲ್ತಿದ್ದು. ಕೂಡ್ತಾ ಏಳ್ತಾ ಹತ್ತತೀನಿ. ಸಸಿ ಗೇಣುದ್ದ ಆಗಗಂಟ ಅಲ್ಲೇ ಇರ್ತೀನಿ. ಎರಡು ತಿಂಗಳಾದ್ರೂ ಆಗಲಿ."

ಅರವತ್ತೆಂಟರ ಹೆಂಗಸು ಹಾಗೆ ನೆಟ್ಟಗೆ ನಿಂತು ಹೇಳಿದಾಗ, ಅವರು ತನ್ನ ಪಕ್ಕದ ಮನೆಯವರು ಎಂಬುದಕ್ಕೇ ನೇತ್ರಾವತಿಗೆ ಹೆಮ್ಮೆಯಾಯಿತು. ಬಸ್ ಸ್ಟಾಂಡಿನವರೆಗೆ ಚೀಲ ಹೊತ್ತು ಹೋದಳು. ಬಸ್ಸು ಬರಲು ಹತ್ತು ನಿಮಿಷವಿದ್ದಾಗ ಉಚ್ಚೆಂಗೆಮ್ಮ ಅವಳ ಕೈ ಹಿಡಿದುಕೊಂಡರು.

"ನೇತ್ರವ್ವ, ನನಗೊಂದು ಉಪಕಾರ ಆಗಬೇಕು."

"ಹೇಳ್ರಿ ಅಮ್ಮ. ಗಿಡಕ್ಕೆ ನೀರು ಹಾಕಬೇಕಾ? ಹೂವ ಕಾಯಬೇಕಾ?"

"ನೀರು ಯಜಮಾನ್ರು ಹಾಕ್ತಾರೆ, ಪೇಪರು ಬಿಟ್ಟು ಕೂಡಾದಿಲ್ಲ ಅಷ್ಟೆ. ಹೂವ ಬೇಕಾದೋರು ಕಿತ್ಕಳ್ಳಿ, ಮಲ್ಲಿಗಿ ಎಷ್ಟಾದ್ರೂ ಐತೆ. ನೀನು ನಿಂತಲ್ಲಿ ನಿಲ್ಲಲ್ಲ, ಕುಂತಲ್ಲಿ ಕೂಡಲ್ಲ, ಗೊತ್ತೈತೆ ನನಗೆ. ಆದ್ರೂ ಕೇಳ್ತೀನಿ. ನಮ್ಮ ಅಂಗಳದಾಗ ಇಷ್ಟು ವರ್ಷ ಒಂದು ಮುಂಜಾನೆನೂ ಗಿಡಗಳು ಒಂಟಿಯಾಗಿಲ್ಲ, ತವರಿಗೆ ಹೋದ್ರೂ ಅವತ್ತೇ ತಿರುಗಿ ಬರ್ತಿದ್ದೆ. ನಾ ಬರಗಂಟ ದಿನಾ ಅರ್ಧ ತಾಸು ಹೋಗಿ ಅವುಗಳ ಹತ್ರ ಕೂಡು. ಕಳೆ ತಗಿಬ್ಯಾಡ, ಫೋನ್ ನೋಡಬ್ಯಾಡ, ಕೈಯಾಗ ಸೊಪ್ಪು ಸೋಸಬ್ಯಾಡ. ಸುಮ್ನೆ ಕೂಡ್ತೀಯೇನವ್ವ?"